ಅಂಗಡಿಗೆ ಮೊದಲು ಬರಬೇಕಾದದ್ದು ವೈಡಿಎಂ-4

ಭಾರತೀಯ ರೈಲಿನ ಯಾವ ಎಂಜಿನ್ ಓಡುವ ಕಿರುಮಾದರಿಯಾಗಿ ಅಂಗಡಿಗೆ ಬರಬೇಕು ಎಂದು ಮಾದರಿ ರೈಲು ಕಟ್ಟುವ ನಾಲ್ಕು ಜನ ಹವ್ಯಾಸಿಗಳನ್ನು ಕೇಳಿದರೆ ಮೂವರ ಬಾಯಲ್ಲಿ ಬರುವುದು ವಿದ್ಯುತ್ತಿನ ಡಬ್ಲ್ಯುಎಪಿ-7 ಅಥವಾ ಡೀಸೆಲ್ಲಿನ ಡಬ್ಲ್ಯುಡಿಎಂ-2, ಎರಡೂ ಬ್ರಾಡ್ ಗೇಜಿನವು. ಎರಡೂ ಬೇಕು, ಅನುಮಾನವಿಲ್ಲ. ಆದರೆ ಮೊದಲ ಅಚ್ಚಿಗೆ ಯಾರಾದರೂ ದುಡ್ಡು ಸುರಿಯುವುದಾದರೆ ಅದು ಮೀಟರ್ ಗೇಜಿನ ಡೀಸೆಲ್ ಎಂಜಿನ್ ವೈಡಿಎಂ-4ಕ್ಕೇ ಆಗಬೇಕು. ಇದು ಹಳೆಯ ದಿನಗಳ ಮೋಹದ ಮಾತಲ್ಲ, ಲೆಕ್ಕದ ಮಾತು.

ಲೆಕ್ಕ ಹಳಿಯಿಂದ ಶುರುವಾಗುತ್ತದೆ. ಮಾದರಿ ರೈಲಿನ ಎಚ್‌ಓ ಅಳತೆ ಎಂದರೆ 1:87, ಅಂದರೆ ನಿಜದ 87ನೇ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ (ಎರಡು ಕಂಬಿಗಳ ನಡುವಿನ ಅಂತರ, ಅಂದರೆ ಗೇಜ್) 16.5 ಮಿ.ಮೀ. ಇದು ಯುರೋಪು, ಅಮೆರಿಕದ 1435 ಮಿ.ಮೀ ಗೇಜಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಮಿ.ಮೀ ಬರುತ್ತದೆ. ಅಂದರೆ ಸರಿಯಾದ ಅಳತೆಯ ಡಬ್ಲ್ಯುಡಿಎಂ-2 ದೇಹವನ್ನು ಅಂಗಡಿ ಹಳಿಯ ಮೇಲೆ ನಿಲ್ಲಿಸಿದರೆ ಗಾಲಿಗಳು ಎರಡೂ ಬದಿ ಸೇರಿ 2.76 ಮಿ.ಮೀ ಒಳಕ್ಕೆ ಸೇರಿಕೊಂಡಿರುತ್ತವೆ. ನಿಜವಾದ ಎಂಜಿನ್ನಿನ ಲೆಕ್ಕದಲ್ಲಿ ಇದು 24 ಸೆಂಟಿಮೀಟರ್. ಪಕ್ಕದಿಂದ ನೋಡಿದಾಗ ಗೊತ್ತಾಗುವುದಿಲ್ಲ. ಎದುರಿನಿಂದ ನೋಡಿದರೆ ತಕ್ಷಣ ಕಾಣುತ್ತದೆ: ಅಗಲವಾದ ಮೈ, ಕಿರಿದಾದ ನಿಲುವು.

ಮೀಟರ್ ಗೇಜಿನಲ್ಲಿ ಈ ತಾಪತ್ರಯವೇ ಇಲ್ಲ. 1000 ಮಿ.ಮೀಯನ್ನು 87ರಿಂದ ಭಾಗಿಸಿದರೆ 11.49. ಎಚ್‌ಓಎಂ ಎಂದು ಕರೆಯುವ ಹಳಿಯ ಅಗಲ 12 ಮಿ.ಮೀ. ಅರ್ಧ ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಈ ಹಳಿಯನ್ನು ಹೊಸದಾಗಿ ಯಾರೂ ಕಂಡುಹಿಡಿಯಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳಿಗಾಗಿ ಬೆಮೊ, ಟಿಲ್ಲಿಗ್, ಪೆಕೊ ಕಂಪನಿಗಳು ನೇರ ಹಳಿ, ಬಾಗುವ ಹಳಿ, ಹಳಿ ಕವಲೊಡೆಯುವ ಪಾಯಿಂಟು ಎಲ್ಲವನ್ನೂ ಮಾಡುತ್ತಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 1067 ಮಿ.ಮೀ ಗೇಜನ್ನೂ, ಜಪಾನಿನ ಅದೇ ಅಗಲದ ಹಳಿಯನ್ನೂ ಅಲ್ಲಿನ ಹವ್ಯಾಸಿಗಳು 1:87ರಲ್ಲಿ ಇದೇ 12 ಮಿ.ಮೀ ಮೇಲೆ ಓಡಿಸುತ್ತಾರೆ. ಹಳಿ ಇದೆ, ಗಾಲಿ ಇದೆ, ಮೋಟಾರು ಕೂರಿಸುವ ವಿದ್ಯೆ ಇದೆ. ಇಲ್ಲದಿರುವುದು ನಮ್ಮ ಎಂಜಿನ್ ಮಾತ್ರ.

ಇನ್ನು ಎಂಜಿನ್ನಿನ ಮಾತು. ವೈಡಿಎಂ-4 ಎಂದರೆ ಅಮೆರಿಕದ ಆಲ್ಕೋ ಕಂಪನಿಯ ಡಿಎಲ್535ಎ ವಿನ್ಯಾಸ. 1961ರಿಂದ ಬಂದದ್ದು, ಆರು ಆಕ್ಸಲ್, 1400 ಅಶ್ವಶಕ್ತಿ, 72 ಟನ್ ತೂಕ. ಮೊದಲು ಅಮೆರಿಕದಿಂದ ಬಂದವು, ಕೆನಡಾದ ಎಂಎಲ್‌ಡಬ್ಲ್ಯು ಕಂಪನಿ ಕಟ್ಟಿಕೊಟ್ಟವು ವೈಡಿಎಂ-4ಎ, ಆಮೇಲೆ ವಾರಾಣಸಿಯ ರೈಲ್ವೆ ಡೀಸೆಲ್ ಎಂಜಿನ್ ಕಾರ್ಖಾನೆ ಡಿಎಲ್‌ಡಬ್ಲ್ಯು ತಾನೇ ಕಟ್ಟಿತು. ಪೊನ್ಮಲೈ, ಗುಂತಕಲ್, ಇಜ್ಜತ್‌ನಗರ, ಫುಲೇರಾ ಶೆಡ್‌ಗಳ ಹೆಸರು ಇದರ ಮೈಮೇಲೆ ಬರೆದಿರುತ್ತಿತ್ತು. ಕರ್ನಾಟಕದ ಮಟ್ಟಿಗೆ ಗೇಜ್ ಬದಲಾವಣೆಗೆ ಮುಂಚಿನ ಡೀಸೆಲ್ ಕಾಲದ ಮುಖವೇ ಇದು. 1979ರಲ್ಲಿ ತೆರೆದ ಹಾಸನ–ಮಂಗಳೂರು ಮಾರ್ಗ ಹುಟ್ಟಿದ್ದೇ ಮೀಟರ್ ಗೇಜಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಆ ಘಟ್ಟದ 50ಕ್ಕೆ 1ರ ಏರನ್ನು ಮಾದರಿಯಲ್ಲಿ ಕಟ್ಟಲು ಆಸೆಯಿರುವವರಿಗೆ ಈ ಎಂಜಿನ್ ಇಲ್ಲದೆ ಆಗುವುದಿಲ್ಲ.

ತಯಾರಕರಿಗೆ ಹೇಳಬೇಕಾದ ದೊಡ್ಡ ಮಾತೊಂದಿದೆ. ಇದು ಭಾರತದ ಹವ್ಯಾಸಿಗಳನ್ನೇ ನಂಬಿಕೊಂಡು ಮಾಡಬೇಕಾದ ಎಂಜಿನ್ ಅಲ್ಲ. ಡಿಎಲ್‌ಡಬ್ಲ್ಯುನಿಂದ ವಿಯೆಟ್ನಾಮಿಗೆ ಹೋದವು ಅಲ್ಲಿ ಡಿ13ಇ ಆದವು. ಮಲೇಷ್ಯಾ ರೈಲ್ವೆ ವೈಡಿಎಂ-4ಗಳನ್ನು ಬಾಡಿಗೆಗೆ ಪಡೆದು ಓಡಿಸಿತು. ಎರಡೂ ಕಡೆ ಗೇಜ್ 1000 ಮಿ.ಮೀ. ಒಂದೇ ಚಾಸಿ, ಬಹುಪಾಲು ಅದೇ ಮೈ, ಬಣ್ಣ ಮತ್ತು ಬಿಡಿ ಅಂಗಗಳಷ್ಟೇ ಬೇರೆ. ಅಚ್ಚಿನ ಖರ್ಚು ಮೊದಲ ಎಂಜಿನ್ ಹೊರಬರುವ ಮೊದಲೇ ಆಗಿಹೋಗುತ್ತದೆ. ಆ ಖರ್ಚನ್ನು ಮೂರು ದೇಶದ ಕೊಳ್ಳುವವರ ಮೇಲೆ ಹಂಚಬಹುದೆನ್ನುವುದು ಹವ್ಯಾಸಿಗಳು ತಯಾರಕರಿಗೆ ಕಳಿಸುವ ಬೇಡಿಕೆಪತ್ರದ ಮೊದಲ ಸಾಲಿನಲ್ಲೇ ಇರಬೇಕು.

ಹೆಸರು ಬರೆದು ಕೈಬಿಟ್ಟರೆ ಬರುವುದು ಆಟಿಕೆ. ಏನು ಬೇಕೆಂದು ಅಳತೆ ಸಮೇತ ಕೇಳಬೇಕು.

ಉದ್ದ 15,600 ಮಿ.ಮೀ, ಮಾದರಿಯಲ್ಲಿ 179 ಮಿ.ಮೀ. ಗಾಲಿಯ ವ್ಯಾಸ 965 ಮಿ.ಮೀ, ಮಾದರಿಯಲ್ಲಿ 11.1 ಮಿ.ಮೀ. ಗಾಲಿ ಮುಖ್ಯ, ಏಕೆಂದರೆ ತಯಾರಕರು ಕೈಲಿರುವ 10 ಅಥವಾ 10.5 ಮಿ.ಮೀ ಗಾಲಿಯನ್ನೇ ಹಾಕಿ ಮುಗಿಸುತ್ತಾರೆ. ಆಗ ಎಂಜಿನ್ ನೆಲಕ್ಕೆ ಕುಸಿದಂತೆ ಕಾಣುತ್ತದೆ. ಅದನ್ನು ಮರೆಮಾಚಲು ಮೈಯನ್ನು ಎತ್ತಿ ಕೂರಿಸಿದರೆ ಬೋಗಿಗೂ ಅಡಿಪಟ್ಟಿಗೂ ನಡುವೆ ಬೆಳಕು ತೂರುತ್ತದೆ. (ನಮ್ಮಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿ. ಇಲ್ಲಿ ಬೋಗಿ ಎಂದಾಗಲೆಲ್ಲ ಎಂಜಿನ್ನಿನ ಅಡಿಯ ಆರು ಗಾಲಿಯ ಗಾಡಿ ಎಂದು ಓದಿಕೊಳ್ಳಿ. ಡಬ್ಬಿಯನ್ನು ಡಬ್ಬಿ ಎಂದೇ ಬರೆಯುತ್ತೇನೆ.)

ತಿರುವಿನಲ್ಲಿ ಮೂರು ಆಕ್ಸಲ್ ಬೋಗಿ ತೊಂದರೆ ಕೊಡುತ್ತದೆ. ಎಚ್‌ಓಎಂನಲ್ಲಿ 330 ಮಿ.ಮೀ ತ್ರಿಜ್ಯದ ತಿರುವು ಸಾಮಾನ್ಯ. ಬೋಗಿಯ ಮೊದಲ ಮತ್ತು ಕೊನೆಯ ಆಕ್ಸಲ್ ನಡುವೆ 40 ಮಿ.ಮೀ ಇದೆ ಎಂದಿಟ್ಟುಕೊಳ್ಳಿ. 40ರ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ: 1600 ಭಾಗಿಸು 2640, ಅಂದರೆ 0.6 ಮಿ.ಮೀ. ನಡುವಿನ ಆಕ್ಸಲ್ ಪಕ್ಕಕ್ಕೆ ಅಷ್ಟು ಸರಿಯಲು ಜಾಗವಿರಲೇಬೇಕು. ಇಲ್ಲದಿದ್ದರೆ ನಡುವಿನ ಗಾಲಿ ಹಳಿಯನ್ನು ಹತ್ತಲು ನೋಡುತ್ತದೆ, ಇಡೀ ಬೋಗಿ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಹಾಗೆಂದು ಮೂರೂ ಆಕ್ಸಲ್‌ಗೆ ಸಡಿಲ ಕೊಟ್ಟರೆ ನೇರ ಹಳಿಯಲ್ಲಿ ಹಾವಿನಂತೆ ಹೊರಳುತ್ತದೆ. ಎರಡು ತುದಿಯವು ಬಿಗಿ, ನಡುವಿನದು ಸಡಿಲ. ಬೇಡಿಕೆಯಲ್ಲಿ ಹೀಗೇ ಬರೆಯಿರಿ.

ಆರೂ ಆಕ್ಸಲ್‌ಗೆ ಎಳೆತ, ಹನ್ನೆರಡೂ ಗಾಲಿಯಿಂದ ವಿದ್ಯುತ್. ರಬ್ಬರ್ ಪಟ್ಟಿ ಹಾಕಿದ ಗಾಲಿ ಬೇಡ. ರಬ್ಬರ್ ಇರುವ ಗಾಲಿ ವಿದ್ಯುತ್ ಹಿಡಿಯುವುದಿಲ್ಲ, ಹಳಿಯ ಮೇಲೆ ಕೊಳೆ ಬಳಿಯುತ್ತದೆ, ಎರಡು ಬೇಸಿಗೆ ಕಳೆದರೆ ಪಟ್ಟಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎಳೆಯುವ ಶಕ್ತಿ ತೂಕದಿಂದ ಬರಬೇಕು. ಎಷ್ಟು ತೂಕ ಎಂಬುದಕ್ಕೂ ಅಂದಾಜಿನ ಲೆಕ್ಕ ಮಾಡಬಹುದು. ಲೋಹದ ಗಾಲಿ ಲೋಹದ ಹಳಿಯ ಮೇಲೆ ತನ್ನ ತೂಕದ ಐದನೇ ಒಂದು ಪಾಲಿನಷ್ಟು ಎಳೆಯುತ್ತದೆ. 110 ಗ್ರಾಂನ ಒಂದು ಡಬ್ಬಿ 50ಕ್ಕೆ 1ರ ಏರಿನಲ್ಲಿ 2.2 ಗ್ರಾಂನಷ್ಟು ಹಿಂದಕ್ಕೆಳೆಯುತ್ತದೆ, ಆಕ್ಸಲ್ ಉಜ್ಜುವಿಕೆಗೆ ಇನ್ನೊಂದು 2.2 ಸೇರಿಸಿ, ಒಟ್ಟು 4.4. ಎಂಜಿನ್ 250 ಗ್ರಾಂ ಇದ್ದರೆ ಎಳೆತ 50, ತನ್ನನ್ನೇ ಏರಿಸಿಕೊಳ್ಳಲು 5 ಹೋಯಿತು, ಉಳಿದ 45ರಲ್ಲಿ ಹತ್ತು ಡಬ್ಬಿ ಹತ್ತುತ್ತವೆ. ಅದೇ 180 ಗ್ರಾಂನ ಎಂಜಿನ್ ಏಳು ಡಬ್ಬಿಗೇ ಸುಸ್ತಾಗಿ ಗಾಲಿ ಜಾರಿಸುತ್ತದೆ. ವೈಡಿಎಂ-4ರ ಹುಡ್ (ಯಂತ್ರವನ್ನು ಮುಚ್ಚುವ ಪೆಟ್ಟಿಗೆಯಂಥ ಮೈ) ಕಿರಿದು. 250 ಗ್ರಾಂ ತುಂಬಿಸಬೇಕಾದರೆ ಚಾಸಿ ಪೂರ್ತಿ ಎರಕದ ಸತು ಮಿಶ್ರಲೋಹದ್ದಾಗಿ ಹುಡ್ಡಿನೊಳಗೆಲ್ಲ ತುಂಬಿಕೊಳ್ಳಬೇಕು, ಇಂಧನ ಟ್ಯಾಂಕೂ ಗಟ್ಟಿ ಲೋಹವಾಗಿರಬೇಕು.

ಆ ಎರಕದ ಬಗ್ಗೆ ಒಂದು ಎಚ್ಚರಿಕೆ. ಮಿಶ್ರಲೋಹದಲ್ಲಿ ಸೀಸದ ಕಲಬೆರಕೆ ಇದ್ದರೆ ಕೆಲವು ವರ್ಷಗಳಲ್ಲಿ ಚಾಸಿ ಊದಿಕೊಂಡು, ಬಿರುಕು ಬಿಟ್ಟು, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಬಿಸಿ ಮತ್ತು ತೇವ ಸೇರಿದ ಹವೆ ಇದನ್ನು ಬೇಗ ಮಾಡುತ್ತದೆ. ಕರಾವಳಿಯವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಊದಿದ ಚಾಸಿ ಪ್ಲಾಸ್ಟಿಕ್ ಮೈಯನ್ನೂ ಸೀಳುತ್ತದೆ, ರಿಪೇರಿ ಎಂಬುದಿಲ್ಲ.

ಮಾದರಿಯ ಓಟ, ದೀಪ, ಶಬ್ದವನ್ನು ನಡೆಸುವ ಡಿಕೋಡರ್ ಎಂಬ ಸಣ್ಣ ಸರ್ಕ್ಯೂಟಿಗೆ ನೆಕ್ಸ್ಟ್18 ಕಿಂಡಿ ಸಾಕು. ಅದಕ್ಕಿಂತ ದೊಡ್ಡದಾದ 21ಎಂಟಿಸಿ ಕೇಳಿದರೆ ಈ ಕಿರಿದಾದ ಹುಡ್ಡಿನಲ್ಲಿ ಅದರ ಜಾಗಕ್ಕಾಗಿ ತೂಕವನ್ನು ಕಡಿಯುತ್ತಾರೆ, ಮೇಲಿನ ಲೆಕ್ಕ ಕೆಡುತ್ತದೆ. ಸ್ಪೀಕರ್‌ಗೆ ರೇಡಿಯೇಟರ್ ಫ್ಯಾನಿನ ಕೆಳಗೆ ಜಾಗ ಬಿಡಲಿ, ಶಬ್ದ ಜಾಲರಿಯಿಂದ ಮೇಲೆ ಬರುತ್ತದೆ.

ಶಬ್ದದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಆಲ್ಕೋ ಎಂದರೆ ಆಲ್ಕೋ ಎಂದುಕೊಂಡು ಡಬ್ಲ್ಯುಡಿಎಂ-2ರ ಧ್ವನಿಯನ್ನೇ ತುಂಬಿಬಿಡುತ್ತಾರೆ. ಎರಡರದ್ದೂ ಆಲ್ಕೋದ 251 ಕುಲದ ಡೀಸೆಲ್ ಯಂತ್ರವೇ, ಆದರೆ ಡಬ್ಲ್ಯುಡಿಎಂ-2ರದು 16 ಸಿಲಿಂಡರ್, ವೈಡಿಎಂ-4ರದು ಸಾಲಾಗಿ ನಿಂತ 6 ಸಿಲಿಂಡರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಂತಲ್ಲೇ ನಿಮಿಷಕ್ಕೆ 400 ಸುತ್ತು ತಿರುಗುವಾಗ 16 ಸಿಲಿಂಡರಿನದು ಸೆಕೆಂಡಿಗೆ 53 ಸಿಡಿತ, 6 ಸಿಲಿಂಡರಿನದು ಬರೀ 20. ಮೊದಲನೆಯದು ಗುಡುಗುಡು ಎಂದು ಒಂದಕ್ಕೊಂದು ಬೆರೆತು ಕೇಳಿಸಿದರೆ, ವೈಡಿಎಂ-4ರದು ಬಿಡಿಬಿಡಿಯಾಗಿ ಎಣಿಸಬಹುದೇನೋ ಎಂಬಷ್ಟು ತೆರಪಾಗಿ ಬಡಿಯುತ್ತದೆ. ಸಣ್ಣ ನಿಲ್ದಾಣದಲ್ಲಿ ಕ್ರಾಸಿಂಗಿಗೆ ಕಾಯುತ್ತಾ ನಿಂತ ಮೀಟರ್ ಗೇಜ್ ರೈಲಿನ ಅರ್ಧ ಗುಣ ಆ ಬಡಿತದಲ್ಲೇ ಇದೆ. ಧ್ವನಿಯನ್ನು ಓಡುವ ಸ್ಥಿತಿಯ ವೈಡಿಎಂ-4ರಿಂದಲೇ, ನಿಂತದ್ದು ಮತ್ತು ಎಂಟೂ ನಾಚ್ (ವೇಗದ ಹಿಡಿಯ ಮೆಟ್ಟಿಲು) ಬೇರೆಬೇರೆಯಾಗಿ, ಮುದ್ರಿಸಿಕೊಳ್ಳಬೇಕು.

ಡಬ್ಬಿಯನ್ನು ಎಂಜಿನ್ನಿಗೆ ಸೇರಿಸುವ ಕೊಂಡಿಗೆ ಎನ್‌ಇಎಂ 362 ಎಂಬ ಪ್ರಮಾಣಿತ ಅಳತೆಯ ಗೂಡು ಕೇಳಿ, ಸರಿಯಾದ ಎತ್ತರದಲ್ಲಿ. ನಮ್ಮ ಮೀಟರ್ ಗೇಜಿನ ಕೊಂಡಿ ನಡುವಿನ ಒಂದೇ ಬಫರಿನ ಜೊತೆಗಿನ ಕೊಕ್ಕೆ. ಅದು ಕೆಲಸ ಮಾಡುವ ಮಾದರಿಯಾಗಿ ಬೇಡ, ತೋರಿಕೆಗೆ ಪೆಟ್ಟಿಗೆಯಲ್ಲಿ ಒಂದು ಜೊತೆ ಇಟ್ಟರೆ ಸಾಕು. ಗೂಡು ಇದ್ದರೆ ಕೇಡಿ ಕಂಪನಿಯ 17ರಿಂದ 20ರವರೆಗಿನ ಕೊಂಡಿಗಳಲ್ಲಿ ಉದ್ದ ಹೊಂದುವುದನ್ನು ಸಿಕ್ಕಿಸಿಕೊಳ್ಳಬಹುದು. ಅಂದಹಾಗೆ ಇದೇ ಡಿಎಲ್535 ಕುಲದ ಡಿಎಲ್535ಇ ಎಂಜಿನ್ನುಗಳು ಅಲಾಸ್ಕಾ–ಕೆನಡಾದ ವೈಟ್ ಪಾಸ್ ಅಂಡ್ ಯೂಕಾನ್ ರೈಲಿನಲ್ಲಿ ಓಡಿದವು, ಎಲ್‌ಜಿಬಿ ಕಂಪನಿ ಅದನ್ನು ತೋಟದ ರೈಲಿನ ದೊಡ್ಡ ಅಳತೆಯಲ್ಲಿ ಮಾಡಿದೆ. ತಮ್ಮನಿಗೆ ಮಾದರಿಯಾಗುವ ಭಾಗ್ಯ ಸಿಕ್ಕಿದೆ, ಅಣ್ಣನಿಗೆ ಇನ್ನೂ ಇಲ್ಲ.

ಎಂಜಿನ್ ಒಂದೇ ಬಂದರೆ ಪ್ರಯೋಜನ ಕಡಿಮೆ. ಹಿಂದೆ ಕಟ್ಟಲು ಚೆನ್ನೈನ ಐಸಿಎಫ್ ಕಾರ್ಖಾನೆಯ ಬಗೆಯ ಮೀಟರ್ ಗೇಜ್ ಡಬ್ಬಿಗಳು ಬೇಕು. ಹತ್ತು ಬಗೆ ಕೇಳಿ ಹೆದರಿಸಬೇಡಿ. ಎರಡನೇ ದರ್ಜೆಯ ಸಾಮಾನ್ಯ ಡಬ್ಬಿ ಒಂದು, ಗಾರ್ಡಿನ ಕೋಣೆ ಇರುವ ಎಸ್‌ಎಲ್‌ಆರ್ ಒಂದು. ಈ ಎರಡರಲ್ಲೇ ಒಂದು ಪ್ಯಾಸೆಂಜರ್ ರೈಲು ಪೂರ್ತಿಯಾಗುತ್ತದೆ.

ಈಗ ಡಬ್ಲ್ಯುಡಿಎಂ-2. 1962ರಲ್ಲಿ ಆಲ್ಕೋದಿಂದ ಬಂದ ಡಿಎಲ್560ಸಿ, 2600 ಅಶ್ವಶಕ್ತಿ, 1964ರಿಂದ ವಾರಾಣಸಿಯಲ್ಲಿ. ಡಿಎಲ್‌ಡಬ್ಲ್ಯು ಜೋಡಿಸಿದ ಮೊದಲನೆಯದು 18040. ಎರಡೂವರೆ ಸಾವಿರಕ್ಕಿಂತ ಹೆಚ್ಚು ಕಟ್ಟಿದ ಈ ಎಂಜಿನ್ ಬ್ರಾಡ್ ಗೇಜಿನಲ್ಲಿ ಬಾರದೆ ಬೇರೆ ಯಾವುದು ಬಂದರೂ ಸಮಾಧಾನವಾಗದು. ಗೇಜಿನ ತೊಂದರೆಗೆ ಏನು ಮಾಡುವುದು? ಸ್ಪೇನಿನ ಗೇಜ್ 1668 ಮಿ.ಮೀ, ಹೆಚ್ಚುಕಡಿಮೆ ನಮ್ಮದೇ. ಅಲ್ಲಿನ ಮಾದರಿ ರೈಲು ಕಂಪನಿ ಎಲೆಕ್ಟ್ರೋಟ್ರೆನ್ ತನ್ನ ದೇಶದ ಎಂಜಿನ್ನುಗಳನ್ನು 16.5 ಮಿ.ಮೀ ಹಳಿಗೇ ಮಾಡುತ್ತದೆ, ಜನ ಕೊಳ್ಳುತ್ತಾರೆ. ನಾವೂ ಒಪ್ಪಿಕೊಳ್ಳಬಹುದು, ಆದರೆ ಒಂದು ಷರತ್ತಿನ ಮೇಲೆ. ಬೋಗಿಯ ಪಕ್ಕದ ಚೌಕಟ್ಟು ನಿಜವಾದ ಅಗಲದಲ್ಲೇ ಇರಲಿ, ಅದರ ಹಿಂದೆ ಎರಡೂ ಬದಿ ಒಂದೂವರೆ ಮಿಲಿಮೀಟರ್ ಬಯಲು ಬಿಟ್ಟಿರಲಿ, ಆಕ್ಸಲ್ ಉದ್ದವಾಗಿರಲಿ. ಆಗ ಬೇಕಾದವರು ಗಾಲಿಯನ್ನು ಆಕ್ಸಲ್ ಮೇಲೆ ಹೊರಕ್ಕೆಳೆದು 19.26ಕ್ಕೆ ತಂದುಕೊಳ್ಳುತ್ತಾರೆ, ಬೇಡದವರು ಅಂಗಡಿ ಹಳಿಯಲ್ಲೇ ಓಡಿಸುತ್ತಾರೆ. ತಯಾರಕರಿಗೆ ಇದರಿಂದ ಹೆಚ್ಚಿನ ಹೊರೆಯಿಲ್ಲ, ವಿನ್ಯಾಸದ ಹಂತದಲ್ಲಿ ಹೇಳಿದರೆ ಮಾತ್ರ. ಅಚ್ಚು ಕೊರೆದಾದ ಮೇಲೆ ಹೇಳಿದರೆ ಕಥೆ ಮುಗಿದಂತೆ.

ಅಳತೆಯನ್ನೇ ಬದಲಿಸುವ ದಾರಿಯೂ ಇದೆ. ಅಡಿಗೆ 3 ಮಿ.ಮೀ ಎಂಬ ಹಳೆಯ ಬ್ರಿಟಿಷ್ ಅಳತೆಯಲ್ಲಿ ನಮ್ಮ ಐದೂವರೆ ಅಡಿ ಗೇಜ್ ಎಷ್ಟಾಗುತ್ತದೆ ನೋಡಿ: ಐದೂವರೆ ಮೂರಲಿ ಹದಿನಾರೂವರೆ. ಅಂಗಡಿಯ ಎಚ್‌ಓ ಹಳಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂರುತ್ತದೆ! 1:101.6 ಅಳತೆ. ಕೈಯಾರೆ ಕಟ್ಟಿಕೊಳ್ಳುವವರಿಗೆ ಇದಕ್ಕಿಂತ ಸೊಗಸಾದ ಹೊಂದಾಣಿಕೆ ಇಲ್ಲ. ತಯಾರಕರು ಮಾತ್ರ ಈ ಅಳತೆಗೆ ಬರುವುದು ಕಷ್ಟ, ಏಕೆಂದರೆ ಪಕ್ಕದಲ್ಲಿ ನಿಲ್ಲಿಸಲು ಮನೆ, ಲಾರಿ, ಮನುಷ್ಯರ ಗೊಂಬೆ ಯಾವುದೂ ಆ ಅಳತೆಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ಡಬ್ಲ್ಯುಡಿಎಂ-2ರ ಬೋಗಿ ಟ್ರೈಮೌಂಟ್, ಅಂದರೆ ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮನಾಗಿಲ್ಲ. ಸಮ ಅಂತರದ ಬೇರೆ ಬೋಗಿಯನ್ನು ಎರವಲು ತಂದು ಕೂರಿಸಿದರೆ ಬಲ್ಲವರು ಮೊದಲ ನೋಟದಲ್ಲೇ ಹಿಡಿಯುತ್ತಾರೆ. ಅಮೆರಿಕದ ಆಲ್ಕೋ ಆರ್‌ಎಸ್‌ಡಿ-4/5, ಆರ್‌ಎಸ್‌ಡಿ-12 ಎಂಜಿನ್ನುಗಳದ್ದೂ ಟ್ರೈಮೌಂಟ್ ಬೋಗಿಯೇ, ಅಟ್ಲಾಸ್ ಕಂಪನಿ ಅವನ್ನು ಎಚ್‌ಓದಲ್ಲಿ ಮಾಡಿದೆ. ಹಾಗಾಗಿ ಸ್ವಂತವಾಗಿ ಕಟ್ಟುವವರಿಗೆ ಚಾಸಿ ಅಲ್ಲಿಂದ ಸಿಗುತ್ತದೆ. ಡಬ್ಲ್ಯುಡಿಎಂ-2ರ ಗಾಲಿ 1092 ಮಿ.ಮೀ, ಎಚ್‌ಓದಲ್ಲಿ 12.55, ಅಮೆರಿಕದ 40 ಇಂಚಿನ ಗಾಲಿ 11.7. ಈ ವ್ಯತ್ಯಾಸವನ್ನು ನುಂಗಿಕೊಳ್ಳಬೇಕು ಅಥವಾ ಗಾಲಿ ಬದಲಿಸಬೇಕು. ಎರಡು ಬೋಗಿಗಳ ನಡುವಿನ ಅಂತರವನ್ನು ನಕ್ಷೆಯೊಂದಿಗೆ ತಾಳೆ ನೋಡದೆ ಚಾಸಿ ಕೊಳ್ಳಬೇಡಿ.

ಹಬೆ ಎಂಜಿನ್ನಿನಲ್ಲಿ ಬ್ರಾಡ್ ಗೇಜಿನ ಡಬ್ಲ್ಯುಪಿ ಬೇಕೆನ್ನುವವರ ಆಸೆ ಅರ್ಥವಾಗುತ್ತದೆ. 755 ಕಟ್ಟಿದರು, ಗುಂಡಿನಂಥ ಮೂತಿ, ಅದರ ಮೇಲೆ ನಕ್ಷತ್ರ. ಆದರೆ 16.5ರ ಹಳಿಯಲ್ಲಿ ಡೀಸೆಲ್‌ಗಿಂತ ಹಬೆ ಎಂಜಿನ್ ಹೆಚ್ಚು ಕೆಡುತ್ತದೆ. ಗಾಲಿಗಳು ಎರಡೂ ಬದಿ ಸುಮಾರು 1.4 ಮಿ.ಮೀ ಒಳಕ್ಕೆ ಹೋಗುತ್ತವೆ, ಸಿಲಿಂಡರುಗಳು ಹೊರಗೇ ಉಳಿಯುತ್ತವೆ, ನಡುವಿನ ಸರಳುಗಳು ಗಾಲಿಯಿಂದ ದೂರದಲ್ಲಿ ತೂಗಾಡುತ್ತವೆ. ಡೀಸೆಲ್ಲಿನಲ್ಲಿ ಬೋಗಿಯ ಚೌಕಟ್ಟು ಮುಚ್ಚುವ ತಪ್ಪು ಇಲ್ಲಿ ಬೆಳಕಿನಲ್ಲಿ ನಿಲ್ಲುತ್ತದೆ. ಹಬೆಯಲ್ಲೂ ಮೀಟರ್ ಗೇಜಿನ ವೈಪಿಯೇ ಮೊದಲು ಬರಲಿ. ಡಬ್ಲ್ಯುಎಪಿ-7, ಡಬ್ಲ್ಯುಎಪಿ-4ಕ್ಕೆ ಕೊಳ್ಳುವವರು ಹೇಗೂ ಹೆಚ್ಚು, ಅವು ಎಂದಾದರೂ ಬಂದೇ ಬರುತ್ತವೆ. ಕೇಳಬೇಕಾದದ್ದು ಮೇಲಿನ ತಂತಿಯಿಂದ ವಿದ್ಯುತ್ ಹಿಡಿಯುವ, ಮಡಚಿ ನಿಲ್ಲುವ ಲೋಹದ ಪ್ಯಾಂಟೋಗ್ರಾಫ್ ಮತ್ತು ಛಾವಣಿಯ ಮೇಲಿನ ಇನ್ಸುಲೇಟರುಗಳು ಬಿಡಿಯಾಗಿರುವುದು, ಅಷ್ಟೇ.

ಕಂಪನಿ ಮಾಡುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ವೈಡಿಎಂ-4ರ ಮೈಯನ್ನು ರೆಸಿನ್ ಪ್ರಿಂಟರಿನಲ್ಲಿ ತೆಗೆಯಬಹುದು. ಒಂದೇ ತುಂಡಾಗಿ ತೆಗೆಯಬೇಡಿ. ಉದ್ದ ಹುಡ್, ಕ್ಯಾಬ್, ಸಣ್ಣ ಹುಡ್, ಅಡಿಪಟ್ಟಿ ಎಂದು ನಾಲ್ಕು ಮಾಡಿ, ಗೋಡೆಯ ದಪ್ಪ 1.2 ಮಿ.ಮೀ ಇಟ್ಟು, 45 ಡಿಗ್ರಿ ವಾಲಿಸಿ, ಆಸರೆ ಕಡ್ಡಿಗಳು ಒಳಮೈಗೆ ಬರುವಂತೆ ನಿಲ್ಲಿಸಿ. ಮೊದಲ ಪ್ರಿಂಟನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ರೆಸಿನ್ ಗಟ್ಟಿಯಾಗುವಾಗ ಒಂದಿಷ್ಟು ಕುಗ್ಗುತ್ತದೆ, 179 ಬರಬೇಕಾದಲ್ಲಿ 178 ಬಂದರೆ ಆ ಪ್ರಮಾಣಕ್ಕೆ ಫೈಲನ್ನು ಹಿಗ್ಗಿಸಿ ಮತ್ತೆ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಸಲ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಯುವಿ ಬೆಳಕಿಗೆ ಇಡಿ. ಒದ್ದೆಯಿರುವಾಗ ಇಟ್ಟರೆ ಮೈಮೇಲೆ ಬಿಳಿ ಪೊರೆ ಕೂರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಹಪ್ಪಳದಂತೆ ಮುರಿಯುತ್ತದೆ.

ಎಲ್ಲರಿಗೂ ಕೈಕೊಡುವುದು ಅಡಿಪಟ್ಟಿ. ತೆಳುವಾಗಿ ಉದ್ದವಾಗಿರುವುದರಿಂದ ಒಂದೆರಡು ವಾರದಲ್ಲಿ ಬಾಳೆಹಣ್ಣಿನಂತೆ ಬಾಗುತ್ತದೆ. ಪ್ರಿಂಟ್ ಫೈಲಿನಲ್ಲೇ ಎರಡು ಉದ್ದ ತೋಡು ಬಿಟ್ಟು, 1×3 ಮಿ.ಮೀ ಹಿತ್ತಾಳೆ ಪಟ್ಟಿಯನ್ನು ನಿಲ್ಲಿಸಿ ಎಪಾಕ್ಸಿಯಲ್ಲಿ ಅಂಟಿಸಿದರೆ ನೆಟ್ಟಗಿರುತ್ತದೆ, ತೂಕವೂ ಬಂತು. ಕೈಕಂಬಿಯನ್ನು ಪ್ರಿಂಟ್ ಮಾಡಲೇಬೇಡಿ, ಮುಟ್ಟಿದರೆ ಮುರಿಯುತ್ತದೆ. 0.4 ಮಿ.ಮೀ ಫಾಸ್ಫರ್ ಬ್ರಾಂಜ್ ತಂತಿ, 0.45 ಮಿ.ಮೀ ಬಿಟ್‌ನಿಂದ ಕೈಯಲ್ಲೇ ಕೊರೆದ ತೂತು. ಬಣ್ಣಕ್ಕೆ ಮುಂಚೆ ತೆಳು ಪ್ರೈಮರ್ ಹೊಡೆದು, 600 ಆಮೇಲೆ 1000 ನಂಬರಿನ ನೀರುಕಾಗದದಲ್ಲಿ (ಒದ್ದೆ ಮಾಡಿ ಬಳಸುವ ಮರಳುಕಾಗದ) ಉಜ್ಜಿರಿ. ಪ್ರಿಂಟಿನ ಪದರದ ಗೆರೆ ಪ್ರೈಮರಿನಲ್ಲೇ ಎದ್ದು ಕಾಣುತ್ತದೆ, ಆಗಲೇ ಅಳಿಸಬೇಕು. ಶೆಡ್ ಹೆಸರಿನ ಡೆಕಾಲ್ (ತೆಳು ಅಂಟುಚಿತ್ರ) ಅಂಟಿಸುವ ಮುನ್ನ ಹೊಳಪು ವಾರ್ನಿಷ್ ಕಡ್ಡಾಯ. ಮಂದ ಬಣ್ಣದ ಮೇಲೆ ನೇರವಾಗಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಅಂಚು ಬೆಳ್ಳಗೆ ಹೊಳೆಯುತ್ತದೆ.

ಕೊನೆಯದಾಗಿ ಬೇಡಿಕೆಪತ್ರದ ಬಗ್ಗೆ. ‘ವೈಡಿಎಂ-4 ಮಾಡಿ’ ಎಂಬ ನೂರು ಸಾಲಿಗಿಂತ ಅಳತೆ ತುಂಬಿದ ಒಂದು ಪುಟ ಮೇಲು. ಮೈಮೇಲೆ ಬರೆದ ಒಂದೇ ನಂಬರಿನ ಎಂಜಿನ್ನನ್ನು ಆರಿಸಿಕೊಳ್ಳಿ, ಒಂದೇ ಶೆಡ್, ಒಂದೇ ವರ್ಷ. ಬೇರೆಬೇರೆ ಎಂಜಿನ್ನುಗಳ ಫೋಟೋ ಬೆರೆಸಿ ಕಳಿಸಿದರೆ ಎಂದೂ ಇಲ್ಲದ ಎಂಜಿನ್ನೊಂದು ಅಚ್ಚಾಗಿ ಬರುತ್ತದೆ. ಡಬ್ಲ್ಯುಡಿಎಂ-2ರಲ್ಲಂತೂ ಈ ಅಪಾಯ ಹೆಚ್ಚು, ಸಣ್ಣ ಹುಡ್ಡಿನ ಆಕಾರವೇ ಬೇರೆಯಾದ ‘ಜಂಬೋ’ಗಳು ಅದೇ ಹೆಸರಿನಲ್ಲಿ ಓಡಿವೆ. ಎರಡೂ ಪಕ್ಕ, ಎರಡೂ ತುದಿ, ಸೇತುವೆಯ ಮೇಲಿನಿಂದ ತೆಗೆದ ಛಾವಣಿ, ಬೋಗಿಯ ಪಕ್ಕದ ನೇರ ನೋಟ, ಇಷ್ಟು ಫೋಟೋ ಬೇಕೇ ಬೇಕು. ಛಾವಣಿಯ ಫೋಟೋ ಯಾರ ಬಳಿಯೂ ಇರುವುದಿಲ್ಲ, ಅದನ್ನೇ ಮೊದಲು ಹುಡುಕಿ. ನಿಲ್ಲಿಸಿಟ್ಟ ಎಂಜಿನ್ ಸಿಕ್ಕಿದರೆ ಅನುಮತಿ ಪಡೆದು ಟೇಪು ಹಿಡಿಯಿರಿ: ಬಾಗಿಲಿನ ಅಗಲ, ಜಾಲರಿಯ ಉದ್ದ, ಕಂಬಿಗಳ ನಡುವಿನ ಅಂತರ, ಹಳಿಯಿಂದ ಅಡಿಪಟ್ಟಿಯ ಎತ್ತರ. ಪ್ರತಿ ಫೋಟೋದಲ್ಲೂ ಒಂದು ಮೀಟರಿನ ಬಣ್ಣದ ಕೋಲು ಎಂಜಿನ್ನಿಗೆ ತಾಗಿ ನಿಂತಿರಲಿ. ಎಂಜಿನ್ ಇಲ್ಲವಾದ ಮೇಲೆ ಆ ಕೋಲಿನಿಂದಲೇ ಉಳಿದ ಅಳತೆಗಳನ್ನು ತೆಗೆಯಬಹುದು.